ಉತ್ತರಕ್ಕೆ ಇಷ್ಟು ಎಂದು ಕೂಲಿ ಕಟ್ಟಿದರೆ

ನಿವೃತ್ತಿಯಾದ ಮೇಲೆ ಮಂಡ್ಯದ ಮನೆಯಲ್ಲಿ ಕುಳಿತು, ಹಣ ಕೊಡುವ ಒಂದು ಪ್ರಶ್ನೋತ್ತರ ತಾಣಕ್ಕೆ ಕೆಲವು ತಿಂಗಳು ರಸಾಯನಶಾಸ್ತ್ರದ ಉತ್ತರಗಳನ್ನು ಬರೆದೆ. ಉತ್ತರಕ್ಕೆ ಇಷ್ಟು ಎಂದು ಲೆಕ್ಕ. ಮೊದಲ ವಾರ, ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅದರ ಸಾಂದ್ರತೆ ಅಳೆಯುವ ಟೈಟ್ರೇಷನ್ ಲೆಕ್ಕವೊಂದಕ್ಕೆ ಮುಕ್ಕಾಲು ಗಂಟೆ ಕೂತು, ಅದರಲ್ಲಿ ಬೆರೆಸುವ ಸೂಚಕದ ಬಣ್ಣ ಕೊನೆಯ ಒಂದೇ ಹನಿಗೆ ಏಕೆ ತಿರುಗುತ್ತದೆ ಎಂಬುದನ್ನೂ ವಿವರಿಸಿದ್ದೆ. ತಿಂಗಳು ತುಂಬುವಷ್ಟರಲ್ಲಿ ಸೂತ್ರ ಬರೆದು, ಅಂಕಿ ತುಂಬಿ, ಹತ್ತೇ ನಿಮಿಷದಲ್ಲಿ ಕೈತೊಳೆದುಕೊಳ್ಳುತ್ತಿದ್ದೆ. ಎರಡಕ್ಕೂ ಸಿಕ್ಕಿದ್ದು ಒಂದೇ ಮೊತ್ತ. ಅವಸರ ನನ್ನದೇ, ಒಪ್ಪುತ್ತೇನೆ. ಆದರೆ ಅವಸರಪಟ್ಟವನಿಗೇ ಹೆಚ್ಚು ದಕ್ಕುವಂತೆ ಆ ಲೆಕ್ಕವಿತ್ತು.

ತಿಳಿದದ್ದನ್ನು ಹೇಳಿ ಹಣ ಪಡೆಯುವುದು ತಪ್ಪೆಂದು ನಾನು ವಾದಿಸುತ್ತಿಲ್ಲ. ಮೂವತ್ತು ವರ್ಷ ಸಂಬಳ ಎಣಿಸಿದವನು ಹಾಗೆ ಹೇಳಿದರೆ ನಗೆಪಾಟಲಾದೀತು. ಹಣ ಯಾವುದಕ್ಕೆ ಸಲ್ಲುತ್ತಿದೆ ಎಂಬುದಷ್ಟೇ ನನ್ನ ತಕರಾರು. 2002ರಲ್ಲಿ ಆರಂಭವಾದ ಗೂಗಲ್ ಆನ್ಸರ್ಸ್‌ನಲ್ಲಿ ಪ್ರಶ್ನೆ ಕೇಳುವವರೇ 2ರಿಂದ 200 ಡಾಲರ್‌ವರೆಗೆ ಬೆಲೆ ಕಟ್ಟುತ್ತಿದ್ದರು. ಮುಕ್ಕಾಲು ಪಾಲು ಉತ್ತರಿಸಿದವರದು, ಹಿಡಿಸಿದರೆ ಮೇಲೆ ಭಕ್ಷೀಸು, ಹಿಡಿಸದಿದ್ದರೆ ಹಣ ವಾಪಸು ಕೇಳುವ ಅವಕಾಶ. ಇಷ್ಟು ಅಚ್ಚುಕಟ್ಟಾಗಿದ್ದ ಆ ಏರ್ಪಾಟಿನಲ್ಲೇ ಪ್ರಯೋಗ ನಡೆಸಿ, ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಫಲಿತಾಂಶ ಕುತೂಹಲಕರವಾಗಿದೆ: ಬೆಲೆ ಏರಿಸಿದಾಗ ಉತ್ತರ ಉದ್ದವಾಯಿತೇ ಹೊರತು ಉತ್ತಮವಾಗಲಿಲ್ಲ, ಉತ್ತಮ ಉತ್ತರ ಬಂದದ್ದು ಅದಾಗಲೇ ಅಲ್ಲಿ ಒಳ್ಳೆಯ ಹೆಸರು ಗಳಿಸಿದ್ದವರಿಂದ. ಕೋರಾ ಎಂಬ ಇನ್ನೊಂದು ಪ್ರಶ್ನೋತ್ತರ ತಾಣ 2018ರಲ್ಲಿ ಉತ್ತರಿಸುವವರನ್ನು ಬಿಟ್ಟು ಪ್ರಶ್ನೆ ಕೇಳುವವರಿಗೆ ಹಣ ಕೊಡಲು ಹೊರಟಿತು. ಒಂದೇ ಪ್ರಶ್ನೆಯ ಪದ ಬದಲಿಸಿ ಹತ್ತು ಮಾಡುವವರು ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಳೆದ ವರ್ಷ ಊರಾಚೆಯ ಆಲೆಮನೆಯೊಂದರಲ್ಲಿ, ಪಾಕ ಹದಕ್ಕೆ ಬಂದದ್ದು ಹೇಗೆ ತಿಳಿಯುತ್ತದೆಂದು ಅಲ್ಲಿನ ಯಜಮಾನರನ್ನು ಕೇಳಿದೆ. "ಬಾಯಲ್ಲೇಳುದ್ರೆ ತಿಳಿಯಾಕಿಲ್ಲ ಮೇಷ್ಟ್ರೇ, ಬನ್ನಿ" ಎಂದು, ಕೊಪ್ಪರಿಗೆಯಿಂದ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಅದನ್ನು ಉಂಡೆ ಕಟ್ಟಿ ನನ್ನ ಅಂಗೈಗೆ ಹಾಕಿದರು. ನಾನು ಒತ್ತಿದೆ, ಮೆತ್ತಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಉಂಡೆ ಕೊಟ್ಟು ನನ್ನ ಮುಖವನ್ನೇ ನೋಡಿದರು. ತಿಳಿಯಿತೆಂದು ಖಾತ್ರಿಯಾದ ಮೇಲೆಯೇ ಒಲೆಯ ಕಡೆ ತಿರುಗಿದರು. ಕೇಳಿದವನಿಗೆ ತಿಳಿಯಿತೋ ಇಲ್ಲವೋ ಎಂಬುದು ನಾನು ಬರೆಯುತ್ತಿದ್ದ ತಾಣದಲ್ಲಿ ನನಗೆ ಒಮ್ಮೆಯೂ ಗೊತ್ತಾಗಲಿಲ್ಲ. ಮರುಪ್ರಶ್ನೆಗೆ ಅಲ್ಲಿ ಜಾಗವೇ ಇರಲಿಲ್ಲ.

ಆದ್ದರಿಂದ ಇಂಥ ತಾಣಗಳು ಕೂಲಿಯ ಒಂದು ಭಾಗವನ್ನು ತಡೆಹಿಡಿದು, ಮರುಪ್ರಶ್ನೆಗೆ ಉತ್ತರಿಸಿದ ಮೇಲೆ ಕೊಡಲಿ. ಹಳೆಯ ಉತ್ತರದ ತಪ್ಪು ತಿದ್ದಿದವರಿಗೂ ಏನಾದರೂ ಸಲ್ಲಲಿ. ನಾನೇ ಒಂದು ಕಡೆ ಮೊಲಾರಿಟಿ (ದ್ರಾವಣದ ಲೀಟರಿಗೆ ಇಷ್ಟು ಎಂಬ ಸಾಂದ್ರತೆ) ಎಂದು ಬರೆಯುವಲ್ಲಿ ಮೊಲಾಲಿಟಿ (ದ್ರಾವಕದ ಕಿಲೋಗೆ ಇಷ್ಟು ಎಂಬುದು) ಎಂದು ಬರೆದಿದ್ದೆ. ಮರುದಿನ ಗಮನಕ್ಕೆ ಬಂತು. ತಿದ್ದಿದರೆ ದುಡ್ಡಿಲ್ಲ, ಮುಂದಿನ ಪ್ರಶ್ನೆ ಕಾಯುತ್ತಿತ್ತು. ಅದನ್ನು ಹಾಗೆಯೇ ಬಿಟ್ಟೆ.