ಶೀಟು ಎಲ್ಲರದು, ಬ್ಲಾಗು ನನ್ನದು

ಗೂಗಲ್ ಫಾರ್ಮ್ ಮಾಡಲು ಬರುತ್ತದೆ ಅಂತ ಒಮ್ಮೆ ನಾಲ್ಕು ಜನರಿಗೆ ಗೊತ್ತಾದರೆ ಮುಗಿಯಿತು, ಆ ಹೆಂಗಸಿಗೆ ಮತ್ತೆ ಬಿಡುಗಡೆ ಇಲ್ಲ. ಗಣಪತಿ ಹಬ್ಬಕ್ಕೆ ಮಕ್ಕಳ ಡ್ಯಾನ್ಸ್ ಪಟ್ಟಿ ಬೇಕಾ? ಅವಳನ್ನೇ ಕೇಳಿ. ರಾಜ್ಯೋತ್ಸವದ ಊಟಕ್ಕೆ ಎಷ್ಟು ಜನ? ಅವಳನ್ನೇ ಕೇಳಿ. ರಕ್ತದಾನ ಶಿಬಿರ, ಬೇಸಿಗೆ ಶಿಬಿರ, ನಿವೃತ್ತರಾಗುವ ಟೀಚರಿಗೆ ಸೀರೆ ತರುವ ಚಂದಾ, ಎಲ್ಲಕ್ಕೂ ಒಂದೇ ಮಾತು: "ಒಂದು ಸಣ್ಣ ಫಾರ್ಮ್ ಮಾಡಿಬಿಡಿ, ನಿಮಗೆ ಐದು ನಿಮಿಷದ ಕೆಲಸ." ಹೀಗೆ ಹೇಳುವವರು ಯಾರೂ ಆ ಐದು ನಿಮಿಷದ ಕೆಲಸ ಮಾಡಿದವರಲ್ಲ.

ಫಾರ್ಮ್ ಮಾಡುವುದಕ್ಕೆ ನಿಜವಾಗಿಯೂ ಐದೇ ನಿಮಿಷ ಸಾಕು. 2008ರಲ್ಲಿ ಗೂಗಲ್ ಅದನ್ನು ತನ್ನ ಶೀಟಿನ ಜೊತೆ, ಅಂದರೆ ಉತ್ತರಗಳು ಸಾಲು, ಕಾಲಂಗಳಲ್ಲಿ ಬಂದು ಕೂರುವ ಹಾಳೆಯ ಜೊತೆ, ಕೊಟ್ಟಾಗಿನಿಂದ ವಿಧಾನ ಹೆಚ್ಚು ಬದಲಾಗಿಲ್ಲ. ಪ್ರಶ್ನೆ ಬರೆಯಿರಿ, ಬಿಡುವ ಹಾಗಿಲ್ಲ ಅನ್ನುವ ಕಡೆ ಕೆಂಪು ನಕ್ಷತ್ರ ಬರುವಂತೆ ಮಾಡಿ, ಲಿಂಕ್ ಕಳಿಸಿ. ಕೆಲಸ ಶುರುವಾಗುವುದು ಆಮೇಲೆ. ತುಂಬಿದವರಿಗಿಂತ "ತುಂಬಿದೀನಿ ಅನ್ಸುತ್ತೆ" ಅನ್ನುವವರು ಜಾಸ್ತಿ. ಒಬ್ಬರಿಗೆ ಲಿಂಕ್ ಓಪನ್ ಆಗುವುದಿಲ್ಲ. ಇನ್ನೊಬ್ಬರು ಫಾರ್ಮಿನ ಫೋಟೋ ತೆಗೆದು, ಅದರ ಮೇಲೆ ಬೆರಳಲ್ಲೇ ಉತ್ತರ ಗೀಚಿ ಕಳಿಸುತ್ತಾರೆ. ಮತ್ತೊಬ್ಬರು ಫೋನ್ ಮಾಡಿ, "ನಮ್ಮದು ನೀವೇ ಹಾಕಿಬಿಡಿ, ನಾವು ಮೂರು ಜನ, ಒಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ" ಅನ್ನುತ್ತಾರೆ. ಈರುಳ್ಳಿ ಬೆಳ್ಳುಳ್ಳಿಗೆ ಫಾರ್ಮಿನಲ್ಲಿ ಜಾಗ ಇರುವುದಿಲ್ಲ. ಹೊಸ ಕಾಲಂ ಸೇರಿಸಬೇಕು. ಸೇರಿಸಿದ ಮೇಲೆ ಮೊದಲೇ ತುಂಬಿದವರೆಲ್ಲ "ಅರೆ, ನಮಗೂ ಬೇಡ" ಅನ್ನುತ್ತಾರೆ.

ಇದನ್ನೆಲ್ಲ ಸಂಭಾಳಿಸುವ ಅಮ್ಮಂದಿರು ಯಾವ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರಿಗೂ ಕಮ್ಮಿ ಇಲ್ಲ. ಅವರಿಗೆ ಗೊತ್ತಿರುವ ಉಪಾಯಗಳೂ ಅಷ್ಟೇ ಚೆಂದ. ಶೀಟಿನ ಲಿಂಕಿನ ಕೊನೆಯಲ್ಲಿ ಎಡಿಟ್ ಅಂತ ಇರುವ ಕಡೆ ಕಾಪಿ ಅಂತ ಬದಲಿಸಿ ಕಳಿಸಿದರೆ, ಒತ್ತಿದವರಿಗೆ ತಮ್ಮದೇ ಒಂದು ಪ್ರತಿ ಸಿಗುತ್ತದೆ, ನಮ್ಮದು ಕೆಡುವುದಿಲ್ಲ. ಶೀಟಿನ ಸೆಟ್ಟಿಂಗಿನಲ್ಲಿ ದೇಶ ಅಮೆರಿಕ ಅಂತ ಉಳಿದುಬಿಟ್ಟಿದ್ದರೆ ತಿಂಗಳು ಮೊದಲು, ದಿನಾಂಕ ಆಮೇಲೆ. ಜೂನ್ 5ಕ್ಕೆ ಹುಟ್ಟಿದ ಮಗು ಮೇ 6ರ ಮಗುವಾಗಿಬಿಡುತ್ತದೆ, 12ನೇ ತಾರೀಕಿನ ನಂತರ ಹುಟ್ಟಿದವರು ಮಾತ್ರ ಬಚಾವ್. ಸೊನ್ನೆಯಿಂದ ಶುರುವಾಗುವ ಫೋನ್ ನಂಬರ್ ಹಾಕಿದರೆ ಶೀಟು ಆ ಸೊನ್ನೆಯನ್ನು ನುಂಗುತ್ತದೆ, ಆ ಕಾಲಮ್ಮನ್ನು ಮೊದಲೇ ಬರೀ ಅಕ್ಷರ ಅಂತ ಗುರುತು ಮಾಡಿಡಬೇಕು. ಇವನ್ನು ಯಾವ ಕೋರ್ಸಿನಲ್ಲೂ ಕಲಿತದ್ದಲ್ಲ. ಹಬ್ಬದ ಹಿಂದಿನ ರಾತ್ರಿ ಕಲಿತದ್ದು.

ವಾಟ್ಸ್‌ಆ್ಯಪ್ ಗುಂಪಿಗೆ 2022ರ ಕೊನೆಯಲ್ಲಿ ಪೋಲ್ ಬಂದಾಗ ನಾವೆಲ್ಲ ಖುಷಿಪಟ್ಟೆವು. ಇನ್ನು ಫೋನ್ ಮಾಡಿ ಕೇಳುವುದು ಬೇಡ ಅಲ್ವಾ ಅಂತ. ಶನಿವಾರ ಹತ್ತಕ್ಕೋ ಹನ್ನೊಂದಕ್ಕೋ ಎಂದು ಕೇಳಿದರೆ ಒಂದಷ್ಟು ಜನ ಎರಡಕ್ಕೂ ಒತ್ತಿದರು. ಎರಡೂ ಆಗುತ್ತದೆ ಅಂತ ಅರ್ಥವಂತೆ. ಬಂದದ್ದು ಹತ್ತೂವರೆಗೆ.

ನಾವು ಕೆಲವರು ಶನಿವಾರ ಬೆಳಿಗ್ಗೆ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳಿಗೆ ಕಥೆ ಓದುತ್ತೇವೆ. ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೇ ಕೂತಿರುತ್ತಾರೆ. ಒಬ್ಬನಿಗೆ ಅಕ್ಷರ ಈಗ ಬರುತ್ತಿದೆ, ಪಕ್ಕದವಳು ಫಟಾಫಟ್ ಓದಿ ಮುಗಿಸಿ ಮುಂದೇನು ಅನ್ನುತ್ತಾಳೆ. ಇವರಿಗೆಲ್ಲ ಪುಸ್ತಕ ಎಲ್ಲಿಂದ ತರುವುದು? ಅದಕ್ಕೆ ನಮಗೆ ಸಿಕ್ಕ ಆಸರೆ ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ ಅದು. ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಇಟ್ಟಿದ್ದಾರೆ. ದುಡ್ಡು ಕೊಡಬೇಕಿಲ್ಲ. ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಬೇರೆ ಭಾಷೆಯ ಕಥೆಯನ್ನು ನಾವೇ ಕನ್ನಡ ಮಾಡಿ ಅಲ್ಲೇ ಹಾಕಬಹುದು. ಕ್ರಿಯೇಟಿವ್ ಕಾಮನ್ಸ್ ಅನ್ನುವ ಲೈಸೆನ್ಸ್ ಇರುವುದರಿಂದ ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಆದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹೇಳಲೇಬೇಕು. ಅನುವಾದ ಮಾಡಿದವರ ಹೆಸರೂ ಕಥೆಯ ಜೊತೆಗೇ ಇರುತ್ತದೆ. ಮಕ್ಕಳು ಚಿತ್ರ ನೋಡುವಾಗ ನಾನು ಆ ಹೆಸರುಗಳನ್ನು ನೋಡುತ್ತೇನೆ. ಹೆಂಗಸರ ಹೆಸರು ಕಂಡಾಗೆಲ್ಲ ಇವರು ಯಾವ ಊರಿನವರೋ, ಮಗು ಮಲಗಿದ ಮೇಲೆ ಕೂತು ಮಾಡಿದ್ದೋ ಏನೋ ಅಂದುಕೊಳ್ಳುತ್ತೇನೆ.

ಯಾಕೆಂದರೆ ಉಳಿದ ಯಾವ ಟೂಲಿಗೂ ನಮ್ಮ ಹೆಸರು ಬೇಕಾಗಿಲ್ಲ. ನನ್ನ ಫೋನ್ ತೆಗೆದು ನೋಡಿ. ಆದ್ಯ ಅಮ್ಮ. ಆದ್ಯ ಅಮ್ಮ 2. ಆದ್ಯ ಅಮ್ಮ ವ್ಯಾನ್. ವ್ಯಾನ್ ಅಂದರೆ ಶಾಲೆಯ ವ್ಯಾನ್ ಕಾಯುವಾಗ ಪರಿಚಯ ಆದವರು. ಅವರ ಫೋನಿನಲ್ಲಿ ನಾನೂ ಯಾರದೋ ಅಮ್ಮ, ಅನುಮಾನವೇ ಬೇಡ. ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದವರ ನಿಜವಾದ ಹೆಸರು ಅವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಸಂಕಲ್ಪ ಹೇಳುವಾಗ ಗೊತ್ತಾದದ್ದುಂಟು.

ಶೀಟಿಗೆ ಅಷ್ಟೂ ಬೇಡ. ಲಾಗಿನ್ ಆಗದೆ ಲಿಂಕ್ ಒತ್ತಿ ಬಂದವರಿಗೆ ಗೂಗಲ್ ತಾನೇ ನಾಮಕರಣ ಮಾಡಿಬಿಡುತ್ತದೆ. ಮೇಲುಗಡೆ ಬಣ್ಣದ ಉಂಡೆಯಲ್ಲಿ ಒಂದು ಪ್ರಾಣಿ: ಅನಾನಿಮಸ್ ಕ್ಯಾಪಿಬರಾ, ಅನಾನಿಮಸ್ ಆ್ಯಕ್ಸಲಾಟಲ್, ಅನಾನಿಮಸ್ ಕ್ವಾಗಾ. ಕ್ವಾಗಾ ಅಂದರೆ ಏನು ಅಂತ ಹುಡುಕಿದೆ. ದಕ್ಷಿಣ ಆಫ್ರಿಕಾದ ಒಂದು ಬಗೆಯ ಜೀಬ್ರಾ, ಮೈಯ ಮುಂಭಾಗಕ್ಕೆ ಮಾತ್ರ ಪಟ್ಟೆ. ಕೊನೆಯದು 1883ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು. ಭೂಮಿಯ ಮೇಲೆ ಇಲ್ಲದ ಆ ಪ್ರಾಣಿ ರಾತ್ರಿ ಹನ್ನೊಂದಕ್ಕೆ ನಮ್ಮ ಶೀಟಿಗೆ ಬಂದು, ಬಿಸಿಬೇಳೆಭಾತ್ ನಾನು ತರ್ತೀನಿ ಅಂತ ಟಿಕ್ ಹಾಕಿ ಹೋಗಿತ್ತು. ಯಾರು ಅಂತ ಗುಂಪಿನಲ್ಲಿ ಕೇಳಿದರೆ ಎಲ್ಲರೂ ಕೈ ಮುಗಿಯುವ ಇಮೋಜಿ ಹಾಕಿದರು.

ಯುಪಿಐ ಬಂದ ಮೇಲೆ ಚಂದಾ ಎತ್ತುವುದು ಸಲೀಸಾಯಿತು ಅನ್ನುತ್ತಾರೆ. ಆಯಿತು, ಒಪ್ಪೋಣ. ಚಿಲ್ಲರೆ ಹುಡುಕುವ ಗೋಳಿಲ್ಲ. ಆದರೆ ಲೆಕ್ಕ ಹಾಕುವವರ ಪಾಡು ಕೇಳಿ. ದುಡ್ಡು ಬಂದಿರುವುದು ಗಂಡನ ಹೆಸರಿನಲ್ಲಿ. ಫಾರ್ಮ್ ತುಂಬಿರುವುದು ಮಗುವಿನ ಹೆಸರಿನಲ್ಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರ ಜಾಗದಲ್ಲಿರುವುದು ಒಂದು ಗುಲಾಬಿ ಹೂವಿನ ಚಿತ್ರ, ಅದರ ಪಕ್ಕ ಬರೀ ಒಂದು ಚುಕ್ಕಿ. ಈ ಮೂರನ್ನೂ ಹೊಂದಿಸಿ ಇವೆಲ್ಲ ಒಬ್ಬರೇ ಹೆಂಗಸು ಅಂತ ಕಂಡುಹಿಡಿಯುವ ಹೊತ್ತಿಗೆ ಅನ್ನ ಸೀದಿರುತ್ತದೆ. ದುಡ್ಡು ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ಮಗುವಿನ ಹೆಸರು, ಕ್ಲಾಸು ಬರೆಯಿರಿ ಅಂತ ದಪ್ಪ ಅಕ್ಷರದಲ್ಲಿ ಹಾಕಿ ನೋಡಿ. ಅಲ್ಲಿ "ಹಾಲು" ಅಂತ ಇರುತ್ತದೆ. ಹಿಂದಿನ ಸಲದ್ದು ಹಾಗೇ ಉಳಿದುಕೊಂಡಿದ್ದು.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಗಳಗಂಟಿ. ಮಕ್ಕಳ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಅಪ್ಪ ಅಮ್ಮನ ನಂಬರು ಇರುವ ಶೀಟನ್ನು ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಬಿಟ್ಟುಬಿಡುವುದು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಕಾಯ್ದೆ ನಮ್ಮಂಥ ಸಣ್ಣ ಗುಂಪಿನ ಬಾಗಿಲು ತಟ್ಟುತ್ತದೋ ಇಲ್ಲವೋ, ಆ ಮಾತು ಬೇರೆ. ಡ್ಯಾನ್ಸಿಗೆ ಹುಟ್ಟಿದ ದಿನ ಯಾಕೆ ಬೇಕು ಹೇಳಿ? ಕೇಳದೇ ಇದ್ದರೆ ಕಾಪಾಡುವ ತಲೆನೋವೂ ಇಲ್ಲ.

ಇಷ್ಟೆಲ್ಲ ಟೂಲುಗಳ ಮಧ್ಯೆ ಬ್ಲಾಗು ಅನ್ನುವುದು ಈಗ ಹಳೇ ಕಾಲದ್ದಾಯಿತು. ಆದರೂ ನನಗೆ ಅದರ ಮೇಲೇ ಪ್ರೀತಿ ಜಾಸ್ತಿ. ಬ್ಲಾಗು ಬರೆಯಲು ಜಾಗ ಕೊಡುವ ಬ್ಲಾಗರ್ ಅನ್ನುವ ಜಾಲತಾಣ ಹುಟ್ಟಿದ್ದು 1999ರಲ್ಲಿ, ಗೂಗಲ್ ಅದನ್ನು ಕೊಂಡಿದ್ದು 2003ರಲ್ಲಿ. ಅದಕ್ಕೂ ಮೊದಲೇ, 1998ರಲ್ಲಿ, ಬರಹ ತಂತ್ರಾಂಶ ಬಂದು ಮನೆ ಕಂಪ್ಯೂಟರಿನಲ್ಲಿ ಕನ್ನಡ ಒತ್ತುವುದು ಸುಲಭವಾಗಿತ್ತು. ಆದರೆ ಎಲ್ಲ ಕಂಪ್ಯೂಟರಿಗೂ ಅಕ್ಷರಕ್ಕೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ತನಕ ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಚೌಕಗಳಾಗಿಯೋ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿಯೋ ಕಾಣುತ್ತಿತ್ತು. ಆ ಕಾಟ ಕಳೆದ ಮೇಲೆ, 2007–08ರ ಹೊತ್ತಿಗೆ, ಕನ್ನಡದಲ್ಲಿ ಬ್ಲಾಗುಗಳ ಸುಗ್ಗಿ. ಬರೆಯುತ್ತಿದ್ದವರಲ್ಲಿ ಹೆಂಗಸರು ಬಹಳ ಜನ. ಗಂಡನ ಜೊತೆ ಅಮೆರಿಕಕ್ಕೆ ಎಚ್-4 ವೀಸಾದಲ್ಲಿ ಹೋದವರಿಗೆ 2015ರವರೆಗೆ ಅಲ್ಲಿ ಕೆಲಸ ಮಾಡುವ ಅನುಮತಿಯೇ ಇರಲಿಲ್ಲ. ಇಂಜಿನಿಯರಿಂಗ್ ಓದಿದವರು, ಬ್ಯಾಂಕಿನ ಕೆಲಸ ಬಿಟ್ಟು ಹೋದವರು, ಹೊರಗೆ ಹಿಮ ಸುರಿಯುವಾಗ ಒಳಗೆ ಕೂತು ಹಲಸಿನ ಹಣ್ಣಿನ ಕಡುಬಿನ ಬಗ್ಗೆ ಬರೆದರು. ಇಲ್ಲಿ ಊರಿನಲ್ಲಿದ್ದವರು ಅತ್ತೆ ಮನೆಯವರಿಗೆ ಗೊತ್ತಾಗದ ಹಾಗೆ ಕಾವ್ಯನಾಮ ಇಟ್ಟುಕೊಂಡು ಬರೆದರು. ಕಾವ್ಯನಾಮವಾದರೂ ಸರಿ, ತಾವೇ ಆರಿಸಿಕೊಂಡ ಹೆಸರು ತಾನೇ.

ಆಮೇಲೆ ಫೇಸ್‌ಬುಕ್ ಬಂತು, ಬ್ಲಾಗುಗಳನ್ನು ಒಂದೇ ಕಡೆ ಓದಲು ಅನುಕೂಲವಾಗಿದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿಹೋಯಿತು. ಜನ ಎದ್ದು ಅತ್ತ ನಡೆದರು. ಲೈಕು ಅಲ್ಲೇ ಜಾಸ್ತಿ ಸಿಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು. ಆದರೆ ಫೇಸ್‌ಬುಕ್ಕಿನಲ್ಲಿ ಹೋದ ವರ್ಷ ಬರೆದ ಚಟ್ನಿಪುಡಿಯ ಅಳತೆ ಈಗ ಹುಡುಕಿ ನೋಡೋಣ. ವಾಟ್ಸ್‌ಆ್ಯಪ್ಪಿನಲ್ಲಂತೂ ಅದು ಗುಡ್ ಮಾರ್ನಿಂಗ್ ಹೂಗಳ ಕೆಳಗೆ ಹೂತುಹೋಗಿರುತ್ತದೆ. ಬ್ಲಾಗಿನಲ್ಲಿ ಬರೆದದ್ದು ಬ್ಯಾಂಕ್ ಲಾಕರಿನಲ್ಲಿ ಇಟ್ಟ ಬಳೆಯ ಹಾಗೆ, ಯಾರೂ ನೋಡದಿದ್ದರೂ ಇಟ್ಟಲ್ಲೇ ಇರುತ್ತದೆ. ಪೂರ್ತಿ ಬ್ಲಾಗನ್ನು ಒಂದೇ ಫೈಲಾಗಿ ಇಳಿಸಿ ಇಟ್ಟುಕೊಳ್ಳಲೂ ಬರುತ್ತದೆ. ಬರೆಯುವವರು ವರ್ಷಕ್ಕೊಮ್ಮೆ ಅದನ್ನು ಮಾಡಿದರೆ ಒಳ್ಳೆಯದು.

ಟೈಪಿಂಗ್ ಬರುವುದಿಲ್ಲ ಅನ್ನುವ ನೆಪವೂ ಈಗ ನಡೆಯುವುದಿಲ್ಲ. 2017ರಿಂದ ಗೂಗಲ್ಲಿನ ಕೀಬೋರ್ಡಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಚಪಾತಿ ಲಟ್ಟಿಸುತ್ತಾ ಹೇಳುತ್ತಾ ಹೋಗಬಹುದು. ಮಿಕ್ಸಿ ಹಾಕುವಾಗ ಮಾತ್ರ ಬೇಡ. ಮಧ್ಯೆ ಮಗನನ್ನು ಗದರಿಸಿದರೆ ಅದೂ ಲೇಖನದೊಳಗೆ ಸೇರುತ್ತದೆ, ಎಷ್ಟೋ ಸಲ ಅದೇ ವಾಕ್ಯ ಉಳಿದದ್ದಕ್ಕಿಂತ ಚೆನ್ನಾಗಿರುತ್ತದೆ. ಅಚ್ಚಾದ ಕನ್ನಡ ಪುಟಕ್ಕೆ ಗೂಗಲ್ ಲೆನ್ಸ್ ಹಿಡಿದರೆ ಅಕ್ಷರಗಳನ್ನು ಎತ್ತಿ ಕೊಡುತ್ತದೆ. ಅತ್ತೆಯವರ ಕೈಬರಹದ ಅಡುಗೆ ಡೈರಿಗೆ ಹಿಡಿದರೆ ತಡವರಿಸುತ್ತದೆ. ಅವರ ಮಗನಿಗೇ ಅದು ಓದಲು ಬರುವುದಿಲ್ಲ, ಪಾಪ ಫೋನಿಗೇನು ಬಂತು.

ನಮ್ಮ ಶನಿವಾರದ ಗುಂಪಿನಲ್ಲಿ ಒಬ್ಬರಿದ್ದಾರೆ, ಸಮರ್ಥ್ ಅಮ್ಮ. ಅದೇ ಗುಲಾಬಿ ಹೂವು, ಅದೇ ಚುಕ್ಕಿ. ಯಾವ ವಾರ ಯಾರು ಹೋದರು, ಯಾವ ಕಥೆ ಓದಿದರು ಅಂತ ಬರೆದಿಡಲು ಒಂದು ಶೀಟಿದೆ, ಅದರ ಕೊನೆಯ ಕಾಲಂ ಷರಾ. ನಾವೆಲ್ಲ ಅಲ್ಲಿ "ಚೆನ್ನಾಗಿತ್ತು", "ಮಳೆ, ಮಕ್ಕಳು ಕಡಿಮೆ" ಅಂತ ಬರೆದು ಮುಗಿಸುತ್ತಿದ್ದೆವು. ಇವರು ಒಂದು ಸಲ ಬರೆದರು: "ಆನೆ ಕಥೆ ಮುಗಿದ ಮೇಲೆ ಮೂರನೇ ಕ್ಲಾಸಿನ ಹುಡುಗಿ ಪುಸ್ತಕ ಕಿತ್ತುಕೊಂಡು ಕೊನೆಯ ಪುಟದಿಂದ ಹಿಂದಕ್ಕೆ ಓದಿದಳು. ಯಾಕಮ್ಮಾ ಅಂದರೆ, ಆನೆ ಊರಿಗೆ ಬಂದಿದ್ದು ಬೇಡ ಮಿಸ್, ವಾಪಸ್ ಕಾಡಿಗೆ ಹೋಗ್ಲಿ ಅಂದಳು. ಮೊದಲ ಪುಟದ ಕಾಡಿಗೆ ಬಂದ ಮೇಲೆ ಪುಸ್ತಕ ಮುಚ್ಚಿ ಅದರ ಮೇಲೆ ಕೂತಳು." ಮುಂದಿನ ವಾರ ಇನ್ನೂ ಉದ್ದ. ಅದರ ಮುಂದಿನ ವಾರ ಒಂದೇ ಸೆಲ್ ಮೊಬೈಲಿನ ಪರದೆ ತುಂಬಿ ಕೆಳಗೆ ಇಳಿಯಿತು. ಹಾಜರಿ ನೋಡಬೇಕಾದವರು ಗೊಣಗಿದರು. ಉಳಿದವರು ಹಾಜರಿ ಬಿಟ್ಟು ಷರಾ ಮಾತ್ರ ಓದತೊಡಗಿದರು. ಶಾಲೆಗೆ ಬರದವರೂ ಲಿಂಕ್ ಕೇಳಿ ಓದಿದರು. ಒಂದು ದಿನವಂತೂ ಕ್ಯಾಪಿಬರಾ, ಕ್ವಾಗಾ ಎಲ್ಲ ಸೇರಿ ಶೀಟಿನ ಮೇಲುಗಡೆ ಮೃಗಾಲಯವೇ ಆಗಿತ್ತು.

ಬ್ಲಾಗ್ ಮಾಡಿ ಅಂತ ಎಲ್ಲರೂ ದುಂಬಾಲು ಬಿದ್ದೆವು. ಮಕ್ಕಳ ಹೆಸರು, ಫೋಟೋ, ಶಾಲೆಯ ಹೆಸರು ಹಾಕಬಾರದು ಅಂತ ಮೊದಲೇ ಮಾತಾಯಿತು. ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಮನೆಗೆ ಹೋದೆ. ವಿಳಾಸ ಆಯಿತು, ಬಣ್ಣ ಆಯಿತು, ಅಕ್ಷರದ ಗಾತ್ರ ಆಯಿತು. ಬರೆಯುವವರ ಹೆಸರು ಅನ್ನುವ ಜಾಗಕ್ಕೆ ಬಂದು ನಿಂತರು. "ಸಮರ್ಥ್ ಅಮ್ಮ ಅಂತಲೇ ಹಾಕಿ, ಎಲ್ಲರಿಗೂ ಅದೇ ಗೊತ್ತು" ಅಂದರು. ಹಾಕಿದೆ. ನೋಡಿದರು. ಅಳಿಸಿದರು. ಗಂಡನ ಹೆಸರು ಸೇರಿಸಿ ಆಧಾರ್ ಕಾರ್ಡಿನಲ್ಲಿ ಇರುವ ಹಾಗೆ ಹೊಡೆದರು. ಅದನ್ನೂ ಅಳಿಸಿ, ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಆಮೇಲೆ ತವರೂರಿನ ಹೆಸರು ಮುಂದೆ, ತಮ್ಮ ಹೆಸರು ಹಿಂದೆ, ಹಳೆಯ ಸಂಗೀತ ವಿದ್ವಾಂಸರದು ಇರುತ್ತದಲ್ಲ ಹಾಗೆ. ಏನು ಅಂತ ನಾನಿಲ್ಲಿ ಬರೆಯುವುದಿಲ್ಲ. ಅವರ ಬ್ಲಾಗಿನ ನೆತ್ತಿಯ ಮೇಲೆ ಸಾಕಷ್ಟು ದೊಡ್ಡದಾಗಿಯೇ ಇದೆ.

ಆನೆಯ ಕಥೆಯನ್ನೇ ಮೊದಲು ಹಾಕಿದರು. ರಾತ್ರಿಯೊಳಗೆ ಮೊದಲ ಕಮೆಂಟು ಬಂತು. ಪಕ್ಕದ ರೂಮಿನಿಂದಲೇ ಬಂದದ್ದು ಅಂತ ಓದಿದ ತಕ್ಷಣ ಗೊತ್ತಾಗುತ್ತಿತ್ತು: "ಸೂಪರ್. ಗೀಸರ್ ಆಫ್ ಮಾಡಿದ್ದೀಯಾ?" ಪ್ರೊಫೈಲ್ ಮಾಡಿಕೊಳ್ಳದೆ ಕಮೆಂಟ್ ಹಾಕಿದ್ದರಿಂದ ಬ್ಲಾಗರ್ ಅವರ ಹೆಸರಿನ ಜಾಗದಲ್ಲಿ ಅನ್‌ನೋನ್ ಅಂತ ತೋರಿಸುತ್ತಿತ್ತು. ಅದರ ಕೆಳಗೆ ಇವರ ಉತ್ತರ: "ನಮಸ್ಕಾರ ಅನ್‌ನೋನ್ ಅವರೇ, ಬ್ಲಾಗಿಗೆ ಸ್ವಾಗತ. ಗೀಸರ್ ಸ್ವಿಚ್ ಬಾತ್‌ರೂಮಿನ ಬಾಗಿಲ ಪಕ್ಕ ಇದೆ."