ಡೋಸ್ ಕ್ಷಯಿಸುತ್ತಿದೆ, ರೋಗಿ ಬಂದಿಲ್ಲ
ಇಂದು ಮತ್ತೊಬ್ಬ ರೋಗಿ, ಕ್ಯಾನ್ಸರ್ ಪತ್ತೆಹಚ್ಚುವ ಪೆಟ್ ಸ್ಕ್ಯಾನ್‌ಗೆ ಎರಡು ಗಂಟೆ ತಡವಾಗಿ, ಅದೂ ಸಕ್ಕರೆ ಹಾಕಿದ ಕಾಫಿ ಕುಡಿದು ಬಂದಾಗ ನನ್ನ ಸಹನೆ ಮುಗಿಯಿತು. ಚುಚ್ಚುವ ಔಷಧದಲ್ಲಿರುವ ವಿಕಿರಣಶೀಲ ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಅದು ಕ್ಷಯಿಸಿ ಅರ್ಧಕ್ಕೆ ಇಳಿಯುವ ಸಮಯ, ಸುಮಾರು 110 ನಿಮಿಷ. ಅಳೆದಿಟ್ಟ ಡೋಸ್ ಅವರು ಬಾಗಿಲು ದಾಟುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಉಪವಾಸವಿರಬೇಕೆಂದು ಫೋನಿನಲ್ಲಿ ಹೇಳಿ, ಚೀಟಿಯಲ್ಲಿ ಬರೆದುಕೊಟ್ಟರೂ ‘ಒಂದು ಲೋಟ ಕಾಫಿ ತಾನೇ’ ಎನ್ನುತ್ತಾರೆ. ಆ ಸಕ್ಕರೆಯೇ, ಕ್ಯಾನ್ಸರ್ ಗೆಡ್ಡೆ ಹೀರಬೇಕಾದ ಗ್ಲೂಕೋಸ್‌ನಂಥ ಔಷಧವನ್ನು ಸ್ನಾಯುಗಳತ್ತ ತಳ್ಳಿ ಚಿತ್ರವನ್ನು ಕೆಡಿಸುತ್ತದೆಂದು ಇನ್ನೆಷ್ಟು ಸಲ ಹೇಳಬೇಕು? ಚುಚ್ಚುಮದ್ದಿನ ಬಳಿಕ ಒಂದು ಗಂಟೆ ಸುಮ್ಮನೆ ಮಲಗಿರಿ ಎಂದರೆ ಮೊಬೈಲ್ ಹಿಡಿದು ಓಡಾಡುವುದೇಕೆ? ಇಷ್ಟಾದ ಮೇಲೆ ‘ಒಂದು ಎಕ್ಸ್-ರೇಗೆ ಇಷ್ಟು ಹೊತ್ತೇ?’ ಎಂದು ಸಂಬಂಧಿಕರು ನನ್ನನ್ನೇ ಗದರುತ್ತಾರೆ. ಅಷ್ಟರಲ್ಲಿ, ಹಸಿದುಕೊಂಡು ಸಮಯಕ್ಕೆ ಸರಿಯಾಗಿ ಬಂದು ಕುಳಿತ ಮುಂದಿನ ರೋಗಿಯ ಡೋಸ್ ಕೂಡ ಕ್ಷಯಿಸುತ್ತಿರುತ್ತದೆ.