ಗಾರೆ ಕೆಲಸದವನ ಮಗ ಮತ್ತು ಕಾಲೇಜು ಮೈದಾನ

ನಾನಿರುವ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಫುಟ್‌ಬಾಲ್ ಮಾತು ಶುರುವಾದರೆ ಸಾಕು, ಹಳಬರು ಕೊನೆಗೆ ಬಂದು ನಿಲ್ಲುವುದು ಜೆರ್ರಿ ರೈಸ್ ಹತ್ತಿರ. ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಇದು. ರೈಸ್ ವೈಡ್ ರಿಸೀವರ್. ಅಂದರೆ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡಿ, ಮೈಮೇಲೆ ಬೀಳುವವನಿಂದ ತಪ್ಪಿಸಿಕೊಂಡು, ದೂರದಿಂದ ಎಸೆದ ಚೆಂಡನ್ನು ಹಿಡಿಯುವವನು.

ರೈಸ್ ಬೆಳೆದದ್ದು ಮಿಸಿಸಿಪ್ಪಿಯ ಕ್ರಾಫರ್ಡ್ ಎಂಬ ಪುಟ್ಟ ಊರಲ್ಲಿ. ಅಪ್ಪ ಇಟ್ಟಿಗೆ ಕಟ್ಟುವ ಮೇಸ್ತ್ರಿ. ರಜೆಯಲ್ಲಿ ಮಕ್ಕಳಿಗೂ ಅದೇ ಕೆಲಸ. ಕೆಳಗಿನಿಂದ ಅಣ್ಣತಮ್ಮಂದಿರು ಇಟ್ಟಿಗೆ ಎಸೆಯುತ್ತಿದ್ದರು, ಸಾರುವೆ ಮೇಲೆ ನಿಂತ ಇವನು ಹಿಡಿಯುತ್ತಿದ್ದ. ಶಾಲೆಯಲ್ಲಿ ಒಮ್ಮೆ ಕ್ಲಾಸ್ ತಪ್ಪಿಸಿ ತಿರುಗುತ್ತಿದ್ದಾಗ ಹಿಂದಿನಿಂದ ಉಪಪ್ರಾಂಶುಪಾಲರು ಕೂಗಿದರಂತೆ. ಹುಡುಗ ಓಟ ಕಿತ್ತ. ಆ ಓಟ ನೋಡಿದವರು ಅವನನ್ನು ಫುಟ್‌ಬಾಲ್ ಕೋಚ್ ಹತ್ತಿರ ಕಳಿಸಿದರು.

ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಸೇರಿದ್ದು ಇಟ್ಟಾ ಬೇನಾದ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್, ಕರಿಯರ ಒಂದು ಸಣ್ಣ ಕಾಲೇಜು. ಅಲ್ಲಿ ಎಸೆಯುವವನು ವಿಲ್ಲಿ ಟಾಟನ್, ಹಿಡಿಯುವವನು ರೈಸ್. 1984ರ ಒಂದೇ ಸೀಸನ್ನಿನಲ್ಲಿ ರೈಸ್ 27 ಟಚ್‌ಡೌನ್ ಹಿಡಿದ, ಅಂದರೆ ಅಷ್ಟು ಸಲ ಅವನು ಹಿಡಿದ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಅಂಕವಾಯಿತು. ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಎಂಬ ವೃತ್ತಿಪರ ತಂಡದ ಕೋಚ್ ಬಿಲ್ ವಾಲ್ಶ್ ಇವನನ್ನು ಮೊದಲು ಕಂಡದ್ದು ಹ್ಯೂಸ್ಟನ್ನಿನ ಹೋಟೆಲ್ ಕೋಣೆಯ ಟಿ.ವಿ.ಯಲ್ಲಿ. 1985ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಬೇರೆ ತಂಡದ ಜೊತೆ ಸರದಿ ಅದಲುಬದಲು ಮಾಡಿಕೊಂಡು 16ನೆಯವನಾಗಿ ಇವನನ್ನು ಎತ್ತಿಕೊಂಡರು.

ಮೊದಲ ವರ್ಷ ಚೆಂಡು ಕೈಜಾರಿ ತವರಿನ ಮೈದಾನದಲ್ಲೇ ಬೈಸಿಕೊಂಡ. ಆಮೇಲೆ ನೋಡಿ: 1987ರಲ್ಲಿ 12 ಪಂದ್ಯಗಳಲ್ಲಿ 22 ಟಚ್‌ಡೌನ್, ಮೂರು ಸೂಪರ್ ಬೌಲ್ (ವೃತ್ತಿಪರ ಲೀಗಿನ ಫೈನಲ್) ಗೆಲುವು, 20 ಸೀಸನ್, ಚೆಂಡು ಹಿಡಿದು ಗಳಿಸಿದ ದೂರ ಒಟ್ಟು 22,895 ಗಜ. ಈ ಪಟ್ಟಿಯಲ್ಲಿ ಎರಡನೆಯವನಾದ ಲ್ಯಾರಿ ಫಿಟ್ಜೆರಾಲ್ಡ್ 17,492ಕ್ಕೇ ನಿಂತ. ಪ್ರಾಕ್ಟೀಸಿನಲ್ಲಿ ಎರಡು ಮಾರು ದೂರದ ಚೆಂಡು ಹಿಡಿದರೂ ರೈಸ್ ಗೆರೆ ದಾಟುವವರೆಗೆ ಓಡುತ್ತಿದ್ದನಂತೆ. ಆ ಅಂಕಿಗಳಿಗಿಂತ ನನಗೆ ಇದೇ ಇಷ್ಟ.

ನಮ್ಮ ಕಡೆಯ ದಾರಿ ಬೇರೆ. ಅನಿಲ್ ಕುಂಬ್ಳೆ 1990ರಲ್ಲೇ ಟೆಸ್ಟ್ ಆಡಿದರು, ಆದರೂ ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಶ್ರೀನಾಥ್ ಮೈಸೂರಿನಲ್ಲಿ ಓದಿದ ಎಂಜಿನಿಯರ್. ದ್ರಾವಿಡ್ ಎಂಬಿಎ ಓದುತ್ತಿದ್ದಾಗ ಭಾರತ ತಂಡ ಕರೆಯಿತು. ನಮ್ಮ ಮನೆಗಳಲ್ಲಿ ಈ ಹೆಸರುಗಳನ್ನು ಹೇಳಿಯೇ ಮಕ್ಕಳಿಗೆ ಬುದ್ಧಿ ಹೇಳುವುದು, 'ಮೊದಲು ಡಿಗ್ರಿ, ಆಮೇಲೆ ಆಟ' ಅಂತ. ಒಳ್ಳೆಯ ಮಾತೇ. ಮೊಣಕಾಲು ಹೋದರೂ ಅನ್ನಕ್ಕೆ ತೊಂದರೆಯಿಲ್ಲ. ಆದರೆ ಇದು ಫೀಸು ಕಟ್ಟಬಲ್ಲ ಮನೆಯ ಮಾತು, ಅಲ್ವಾ? ಗಾರೆ ಕೆಲಸದವನ ಮಗನಿಗೆ ನಮ್ಮಲ್ಲಿ ಆಟದಿಂದ ಸಿಗುವುದು ಹೆಚ್ಚೆಂದರೆ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ಒಂದು ನೌಕರಿ.

ಇಲ್ಲಿ ಅಮೆರಿಕದ ಕಾಲೇಜುಗಳೇನೂ ಧರ್ಮಛತ್ರಗಳಲ್ಲ. ಟಿಕೆಟ್ಟು, ಟಿ.ವಿ. ಹಣ ಬಾಚಿಕೊಂಡು, ಆಡುವ ಹುಡುಗರಿಗೆ ಸ್ಕಾಲರ್‌ಶಿಪ್ ಬಿಟ್ಟು ಹೆಚ್ಚೇನೂ ಕೊಡದೆ ದಶಕಗಟ್ಟಲೆ ನಡೆಸಿದರು. ತಮ್ಮ ಹೆಸರು, ಮುಖದಿಂದ ಹುಡುಗರೂ ದುಡಿಯಬಹುದು ಅಂತಾದದ್ದು 2021ರಲ್ಲಿ. ವೃತ್ತಿಪರ ತಂಡಕ್ಕೆ ಹೋಗುವ ಆಸೆಯಲ್ಲಿ ಡಿಗ್ರಿ ಅರ್ಧಕ್ಕೆ ಬಿಟ್ಟವರೂ ಬೇಕಾದಷ್ಟು ಜನ. ಫಿಟ್ಜೆರಾಲ್ಡ್ ಅಮ್ಮನಿಗೆ ಕೊಟ್ಟ ಮಾತಿಗಾಗಿ ಡಿಗ್ರಿ ಮುಗಿಸಿದ್ದು 2016ರಲ್ಲಿ, ಆಗ ಅವನಿಗೆ 30 ದಾಟಿತ್ತು.

ಇಷ್ಟಾದರೂ ನನ್ನ ಓಟು ಇಲ್ಲಿಯ ಪದ್ಧತಿಗೇ. ಇಟ್ಟಾ ಬೇನಾದಂಥ ಊರಿನ ಕಾಲೇಜಿನಲ್ಲೂ ನೆಟ್ಟಗೆ ಒಂದು ಮೈದಾನ, ಪೂರ್ತಿ ಸಂಬಳದ ಕೋಚ್, ಸೀಸನ್ ತುಂಬ ಪಂದ್ಯ ಇದ್ದವು. ಅದಕ್ಕೇ ವಾಲ್ಶ್ ಕಣ್ಣಿಗೆ ರೈಸ್ ಬಿದ್ದ. ನಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರ ಹುದ್ದೆ ಖಾಲಿ ಬಿಡದೆ ತುಂಬಲಿ, ಅಂತರ ಕಾಲೇಜು ಪಂದ್ಯಗಳು ಎರಡೇ ದಿನಕ್ಕೆ ಮುಗಿಯದೆ ತಿಂಗಳುಗಟ್ಟಲೆ ನಡೆಯಲಿ. ಡಿಗ್ರಿಯನ್ನೂ ಬಿಡಬೇಕಿಲ್ಲ, ಸಂಜೆ ನಾಲ್ಕರ ಮೇಲೆ ಮೈದಾನದ ಗೇಟಿಗೆ ಬೀಗ ಹಾಕದಿದ್ದರೆ ಆಯಿತು.